ಬಿಚ್ಚದ ಆಟಿಕೆ ಪೊಟ್ಟಣ

ಪ್ರೀತಿಯ ಗೆಳೆಯಾ,

"ಲೆವಿನ್ ಇಲ್ಲದ ಅನ್ನಾ ಕರೆನಿನಾ ಅದೆಂಥದ್ದೋ ಮಾರಾಯಾ?" ಅಂತ ಫೋನಿನಲ್ಲಿ ರೇಗಿದ್ದೆಯಲ್ಲ. ಆದರೂ ಟಾಲ್‌ಸ್ಟಾಯ್ ಕಾದಂಬರಿಯಿಂದ ಮಾಡಿದ ಆ ರಷ್ಯನ್ ಸೀರಿಯಲ್‌ನ ಎಂಟೂ ಕಂತು ನೋಡಿ ಮುಗಿಸಿದೆ. ಸಬ್‌ಟೈಟಲ್ ಓದಿ ಓದಿ ಕಣ್ಣು ಉರಿಯುತ್ತಿದೆ.

2017ರಲ್ಲಿ ರಷ್ಯಾದ ಟಿವಿಗಾಗಿ ಕರೆನ್ ಶಾಹ್‌ನಜಾರೊವ್ ಮಾಡಿದ್ದು ಇದು. ನೀನು ಹೇಳಿದ್ದು ನಿಜ, ಕಾದಂಬರಿಯ ಆ ಹಳ್ಳಿ ಜಮೀನ್ದಾರ ಲೆವಿನ್ ಪತ್ತೆಯೇ ಇಲ್ಲ. ರೈತರ ಜೊತೆ ಅವನು ಹುಲ್ಲು ಕೊಯ್ಯುವ ಆ ದಿನ ಇಲ್ಲದ್ದು ನನಗೂ ಬೇಜಾರೇ. ಅನ್ನಾ ಆಗಿ ಎಲಿಜವೆತಾ ಬೊಯಾರ್‌ಸ್ಕಾಯಾ, ಅವಳ ಪ್ರಿಯಕರ ವ್ರೋನ್‌ಸ್ಕಿ ಆಗಿ ಮಾಕ್ಸಿಮ್ ಮತ್ವೆಯೆವ್. ಆಗ ನಿಜಜೀವನದಲ್ಲಿ ಇವರು ಗಂಡ ಹೆಂಡತಿ ಆಗಿದ್ದರು! ಕದ್ದ ಪ್ರೇಮ ನಟಿಸುವುದು ಅವರಿಗೆ ಸುಲಭವಾಯಿತೋ ಕಷ್ಟವಾಯಿತೋ.

ಆದರೆ ಶುರುವಾಗುವ ಜಾಗ ನೋಡು. 1904, ಮಂಚೂರಿಯಾ, ಜಪಾನಿನ ಜೊತೆ ಯುದ್ಧ. ಅನ್ನಾ ಸತ್ತು ಎಷ್ಟೋ ವರ್ಷವಾಗಿದೆ. ಗಾಯಗೊಂಡ ವ್ರೋನ್‌ಸ್ಕಿ ಆಸ್ಪತ್ರೆ ಸೇರುತ್ತಾನೆ. ಅಲ್ಲಿಯ ದೊಡ್ಡ ಡಾಕ್ಟರ್ ಯಾರು ಗೊತ್ತಾ? ಸೆರ್ಗೆಯ್ ಕರೆನಿನ್. ಅನ್ನಾ ಬಿಟ್ಟುಹೋದ ಮಗ, ಆ ಪುಟ್ಟ ಸೆರ್ಯೋಜಾ! ಅಮ್ಮ ಯಾಕೆ ರೈಲಿಗೆ ಬಿದ್ದು ಸತ್ತಳು ಅಂತ ಅವನು ಕೇಳುತ್ತಾನೆ. ವ್ರೋನ್‌ಸ್ಕಿ ಹೇಳುತ್ತಾ ಹೋಗುತ್ತಾನೆ. ಟಾಲ್‌ಸ್ಟಾಯ್ ಇದನ್ನು ಬರೆದೇ ಇಲ್ಲ. ಆ ಯುದ್ಧದಲ್ಲಿ ಡಾಕ್ಟರಾಗಿದ್ದ ವೆರೆಸಾಯೆವ್ ಬರಹಗಳಿಂದ ಈ ಭಾಗ ಹೆಣೆದಿದ್ದಾರೆ.

ನಾವು ಕಾಲೇಜಿನಲ್ಲಿ ಓದಿದಾಗ ರೈಲು, ಕುದುರೆ ಪಂದ್ಯ, ನೃತ್ಯಕೂಟ, ಇಷ್ಟೇ ತಲೆಯಲ್ಲಿ ನಿಂತಿದ್ದು. ಮಕ್ಕಳ ಕಡೆ ನೋಡಿರಲೇ ಇಲ್ಲ, ಅಲ್ವಾ? ವ್ರೋನ್‌ಸ್ಕಿಗೇ ಹುಟ್ಟಿದ ಮಗಳು ಕೂಡ ಕಾನೂನಿನ ಲೆಕ್ಕದಲ್ಲಿ ಅನ್ನಾಳ ಗಂಡ ಕರೆನಿನ್‌ನ ಮಗಳು. ಕಾದಂಬರಿಯ ಕೊನೆಗೆ ಆ ಕೂಸನ್ನು ಕರೆನಿನ್‌ಗೇ ಒಪ್ಪಿಸಿ ವ್ರೋನ್‌ಸ್ಕಿ ಸರ್ಬಿಯಾದ ಯುದ್ಧಕ್ಕೆ ಹೊರಡುತ್ತಾನೆ.

ಸೀರಿಯಲ್ ಮುಗಿದ ಮೇಲೆ ನಿದ್ದೆ ಬರಲಿಲ್ಲ. ಕಾದಂಬರಿಯ ಐದನೇ ಭಾಗ ನೆನಪಾಯಿತು. ಮಗನ ಹುಟ್ಟುಹಬ್ಬದ ದಿನ ಬೆಳಿಗ್ಗೆಯೇ ಅನ್ನಾ ಗಂಡನ ಮನೆಗೆ ಕದ್ದು ಬರುತ್ತಾಳೆ. ಅಮ್ಮ ಸತ್ತುಹೋದಳು ಅಂತ ಹುಡುಗನಿಗೆ ಹೇಳಿಟ್ಟಿರುತ್ತಾರೆ, ಅವನು ನಂಬಿರುವುದಿಲ್ಲ. ನಿದ್ದೆಗಣ್ಣಿನಲ್ಲೇ ಅವಳ ತೋಳಿಗೆ ಬೀಳುತ್ತಾನೆ. ಅಷ್ಟರಲ್ಲಿ ಕರೆನಿನ್ ಬರುತ್ತಾನೆ, ಇವಳು ಓಡುತ್ತಾಳೆ. ಹಿಂದಿನ ದಿನ ಅಂಗಡಿಯಲ್ಲಿ ಒಂದೊಂದಾಗಿ ಆರಿಸಿ ತಂದ ಆಟಿಕೆಗಳ ಪೊಟ್ಟಣ ಬಿಚ್ಚುವುದಕ್ಕೂ ಪುರುಸೊತ್ತಾಗಿಲ್ಲ. ಹಾಗೇ ವಾಪಸ್ ತೆಗೆದುಕೊಂಡು ಹೋಗುತ್ತಾಳೆ.

ಆ ಪುಟ ಇನ್ನೊಂದು ಸಲ ಓದೋಣ ಅಂತ ಕಪಾಟು ಹುಡುಕಿದೆ. ಪುಸ್ತಕ ನಿನ್ನ ಹತ್ತಿರವೇ ಇದೆ ಕಣೋ, ಆರು ವರ್ಷದಿಂದ. ದೀಪಾವಳಿಗೆ ಬರುವಾಗ ಮರೆಯದೆ ತಾ.

ನಿನ್ನವನೇ