ಕೋರ್ಟಿನಲ್ಲೂ ಒಂದು ಕೂಸಿನ ಮನೆ ಬೇಕು

ಮಾನ್ಯ ಸಂಪಾದಕರೇ,

ನಾನು ಹನ್ನೊಂದು ವರ್ಷದಿಂದ ಜಿಲ್ಲಾ ಕೋರ್ಟಿನಲ್ಲಿ ವಕೀಲಿಕೆ ಮಾಡುತ್ತಿದ್ದೇನೆ. ದೊಡ್ಡವನಿಗೆ ಐದು ವರ್ಷ, ಚಿಕ್ಕವಳಿಗೆ ಹದಿನಾಲ್ಕು ತಿಂಗಳು. ‘ಮಕ್ಕಳು ಸ್ವಲ್ಪ ದೊಡ್ಡವರಾಗಲಿ, ಆಮೇಲೆ ಬಾರಮ್ಮ’ ಎಂದು ಹಿರಿಯ ವಕೀಲರು ಹೇಳುತ್ತಾರೆ. ಕಾಳಜಿಯಿಂದಲೇ ಹೇಳುತ್ತಾರೆ. ಆದರೆ ಕಕ್ಷಿದಾರರು ಅಷ್ಟು ದಿನ ಕಾಯುತ್ತಾರಾ? ಬೇರೆ ವಕೀಲರನ್ನು ಇಟ್ಟುಕೊಳ್ಳಿ ಎಂದು ಒಮ್ಮೆ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೊಟ್ಟು ಕಳಿಸಿದ ಫೈಲು ವಾಪಸ್ ಬರುವುದಿಲ್ಲ.

ಕೆಲಸ ಜಾಸ್ತಿ ಎಂದು ನಾನು ದೂರುತ್ತಿಲ್ಲ. ಎದುರು ಪಕ್ಷದ ಅರ್ಜಿಗೆ ಉತ್ತರವಾದ ತಕರಾರು ಬರೆಯುವುದನ್ನು ಮಕ್ಕಳು ಮಲಗಿದ ಮೇಲೆ ರಾತ್ರಿ ಮುಗಿಸಬಹುದು. ಕಷ್ಟವೆಲ್ಲ ಹಗಲಿನ ಕಾಯುವಿಕೆಯದು. ಕಾಸ್ ಲಿಸ್ಟ್‌ನಲ್ಲಿ (ಆ ದಿನದ ಕೇಸುಗಳ ಪಟ್ಟಿ) ಕೇಸಿನ ನಂಬರ್ ಇರುತ್ತದೆ, ಕರೆಯುವ ಗಂಟೆ ಇರುವುದಿಲ್ಲ. 11ಕ್ಕೆ ಕರೆದಾರು ಎಂದು ನಿಂತರೆ ಮಧ್ಯಾಹ್ನ 3 ಆದರೂ ಸರದಿ ಬಂದಿರುವುದಿಲ್ಲ. ಎದೆಹಾಲು ಕುಡಿಯುವ ಮಗುವಿಗೆ ಇದು ಅರ್ಥವಾಗುತ್ತದಾ?

ಚಿಕ್ಕವಳಿಗೆ ನಾಲ್ಕು ತಿಂಗಳಿದ್ದಾಗ ಒಂದು ಪಾಟೀಸವಾಲು ಇತ್ತು. ಅಮ್ಮ ಮಗು ಎತ್ತಿಕೊಂಡು ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದರು. ಒಳಗೆ ಸಾಕ್ಷಿ ಕಟಕಟೆಯಲ್ಲಿ ನಿಂತಿದ್ದಾನೆ. ಹೊರಗೆ ಅವಳ ಅಳು. ಊಟದ ವಿರಾಮ ಸಿಕ್ಕಿದ್ದೇ ಓಡಿದೆ. ಹಾಲು ಕುಡಿಸಲು ಒಂದು ಮರೆಯ ಜಾಗವಿರಲಿಲ್ಲ. ಮೆಟ್ಟಿಲ ಕೆಳಗೆ, ಹಳೆ ಕಡತಗಳ ಧೂಳಿನ ನಡುವೆ, ಅಮ್ಮ ಸೆರಗು ಅಡ್ಡ ಹಿಡಿದು ನಿಂತರು. ಆ ದಿನ ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ.

ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯ ನಂತರ ಸಂಬಳದ ಕೆಲಸದಲ್ಲಿರುವ ತಾಯಿಗೆ ಮೊದಲೆರಡು ಮಕ್ಕಳಿಗೆ 26 ವಾರ ಹೆರಿಗೆ ರಜೆ ಇದೆ. 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಬೇಕು. 2021ರಲ್ಲಿ ರಾಜ್ಯ ಸರ್ಕಾರದ ಮಹಿಳಾ ನೌಕರರಿಗೆ 180 ದಿನದ ಶಿಶುಪಾಲನಾ ರಜೆಯೂ ಬಂತು. ಇದೇ ಹಕ್ಕುಗಳಿಗಾಗಿ ವಾದ ಮಾಡುವ ವಕೀಲೆಗೆ ಇವುಗಳಲ್ಲಿ ಒಂದೂ ಇಲ್ಲ. ಆಕೆ ಯಾರ ನೌಕರಳೂ ಅಲ್ಲ.

ಸಿವಿಲ್ ನ್ಯಾಯಾಧೀಶರಾಗಲು ಕನಿಷ್ಠ 3 ವರ್ಷ ವಕೀಲಿಕೆ ಮಾಡಿರಬೇಕು ಎಂದು ಸುಪ್ರೀಂ ಕೋರ್ಟ್ 2025ರ ಮೇನಲ್ಲಿ ಹೇಳಿತು. ಅನುಭವ ಬೇಕು, ಒಪ್ಪುತ್ತೇನೆ. ಆದರೆ ಆ ಮೂರು ವರ್ಷವೇ ಎಷ್ಟೋ ಹುಡುಗಿಯರಿಗೆ ಮದುವೆ, ಬಾಣಂತನದ ವರ್ಷಗಳು ಅಲ್ವಾ? ಆಗ ಕೋರ್ಟಿಗೆ ಬರಲಾಗದವಳು ನ್ಯಾಯಪೀಠಕ್ಕೂ ಬರಲಾರಳು.

ನರೇಗಾ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳನ್ನು ತೆರೆದಿದ್ದಾರೆ. ತುಂಬ ಒಳ್ಳೆಯ ಕೆಲಸ. ಸುಪ್ರೀಂ ಕೋರ್ಟಿನಲ್ಲೂ ಶಿಶುಪಾಲನಾ ಕೇಂದ್ರವಿದೆ. ಹಾಗಿದ್ದಾಗ ತಾಲ್ಲೂಕು, ಜಿಲ್ಲಾ ಕೋರ್ಟುಗಳಲ್ಲಿ ಯಾಕಾಗದು? ಇದು ವಕೀಲೆಯರಿಗೆ ಮಾತ್ರ ಬೇಕಾದದ್ದಲ್ಲ. ಜೀವನಾಂಶದ ಕೇಸಿಗೆ ಕಂಕುಳಲ್ಲಿ ಮಗು ಹೊತ್ತು ಬರುವ ಹೆಂಗಸರನ್ನು ದಿನಾ ನೋಡುತ್ತೇನೆ. ಗಂಡನ ಎದುರು ನಿಂತು ಸಾಕ್ಷಿ ಹೇಳುವಾಗ ಮಗುವನ್ನು ಯಾರ ಕೈಗೆ ಕೊಡಬೇಕು?

ಗರ್ಭಿಣಿಯರ, ಹಾಲುಣಿಸುವ ವಕೀಲೆಯರ ಕೇಸುಗಳನ್ನು ಬೆಳಿಗ್ಗೆ ಮೊದಲು ಕರೆಯಲಿ. ಬರೀ ವಾಯಿದೆ (ಮುಂದಿನ ದಿನಾಂಕ) ಪಡೆಯುವ ದಿನ ವಿಡಿಯೊ ಕಾನ್ಫರೆನ್ಸ್‌ನಲ್ಲಿ ಹಾಜರಾಗಲು ಬಿಡಲಿ. ಹೈಕೋರ್ಟ್ ಮತ್ತು ವಕೀಲರ ಸಂಘಗಳು ದಯವಿಟ್ಟು ಇದನ್ನು ಯೋಚಿಸಬೇಕು.

ನಮ್ಮ ಕೋರ್ಟಿನಲ್ಲಿ ಮುರಿದ ಕುರ್ಚಿ ತುಂಬಿದ ಒಂದು ಕೋಣೆ ಸುಮ್ನೆ ಬಿದ್ದಿದೆ. ಫ್ಯಾನ್ ಇದೆ, ಪಕ್ಕದಲ್ಲೇ ನೀರಿನ ನಲ್ಲಿ ಇದೆ. ಬೀಗದ ಕೈ ಕೊಟ್ಟರೆ ಬರುವ ಭಾನುವಾರವೇ ನಾವು ವಕೀಲೆಯರು ಸೇರಿ ಗುಡಿಸಿ, ಒರೆಸಿ, ತೊಟ್ಟಿಲು ಕಟ್ಟುತ್ತೇವೆ.

ಇಂತಿ,
ಒಬ್ಬ ವಕೀಲೆ