ಸ್ನೋಬೋರ್ಡ್ ಬೈಂಡಿಂಗ್ ಕಡೆಗೂ ಲಕ್ಷ್ಯ ಇರಲಿ

ಮಾನ್ಯ ಸಂಪಾದಕರೇ,

ಚಳಿಗಾಲ ಬಂತೆಂದರೆ ಬೆಳಗಾವಿಯ ಹುಡುಗ, ಹುಡುಗಿಯರು ಸ್ನೋಬೋರ್ಡ್ (ಎರಡೂ ಕಾಲು ಒಂದೇ ಹಲಗೆಗೆ ಕಟ್ಟಿ ಹಿಮದ ಮೇಲೆ ಜಾರುವ ಆಟ) ಕಲಿಯಲು ಕಾಶ್ಮೀರದ ಗುಲ್ಮಾರ್ಗ್, ಉತ್ತರಾಖಂಡದ ಔಲಿಯತ್ತ ಹೊರಡುತ್ತಿದ್ದಾರೆ. ಖಡೇಬಜಾರಿನಲ್ಲಿ ಬೂಟು, ಚಪ್ಪಲಿ ಮಾರುವ ನಾನೂ ಮಗನ ಜೊತೆ ಗುಲ್ಮಾರ್ಗ್‌ನಲ್ಲಿ ಕಲಿತವನು. ಎಲ್ಲರೂ ಬೋರ್ಡಿನ ಬಣ್ಣ, ಉದ್ದ ನೋಡುತ್ತಾರೆ. ಬೂಟನ್ನು ಬೋರ್ಡಿಗೆ ಬಿಗಿಯುವ ಬೈಂಡಿಂಗ್ ಬಗ್ಗೆ ಕೇಳುವವರೇ ಇಲ್ಲ.

ಒಂದೊಂದು ಕಾಲಿಗೆ ಒಂದೊಂದು ಪಟ್ಟಿ ಹಲಗೆ ಕಟ್ಟುವ ಸ್ಕೀಯ ಬೈಂಡಿಂಗ್ ಜೋರಾಗಿ ಬಿದ್ದಾಗ ಕಳಚಿಕೊಳ್ಳುವಂತೆ ಮಾಡಿರುತ್ತಾರೆ. ಸ್ನೋಬೋರ್ಡಿನಲ್ಲಿ ಹಾಗಿಲ್ಲ, ಬಿದ್ದರೂ ಎರಡೂ ಕಾಲು ಹಲಗೆಯಲ್ಲೇ ಇರುತ್ತವೆ. ಆದ್ದರಿಂದ ಮೊದಲು ಬೂಟು ಆರಿಸಿ, ಆಮೇಲೆ ಅದಕ್ಕೆ ಹೊಂದುವ ಬೈಂಡಿಂಗ್. ಬೂಟು ತೊಟ್ಟೇ ಕಟ್ಟಿ ನೋಡಬೇಕು. ಹಿಮ್ಮಡಿ ಹಿಂದಕ್ಕೆ ಒತ್ತಿ ಕೂರಬೇಕು, ಎಡಕ್ಕೆ ಬಲಕ್ಕೆ ಅಲುಗಬಾರದು. ಪಟ್ಟಿ ಕೊನೆಯ ಹಲ್ಲಿನವರೆಗೆ ಎಳೆದರೂ ಸಡಿಲವೆನಿಸಿದರೆ ಆ ಅಳತೆ ನಿಮ್ಮದಲ್ಲ. ಕಲಿಯುವವರಿಗೆ ಮೆತ್ತಗೆ ಬಾಗುವಂಥದ್ದೇ ವಾಸಿ. ಗಡುಸಾದದ್ದು ವೇಗವಾಗಿ ಇಳಿಯುವ ಪಳಗಿದವರಿಗೆ. ಪಾದಗಳನ್ನು 12ರಿಂದ 15 ಡಿಗ್ರಿ ಹೊರಮುಖವಾಗಿಟ್ಟರೆ ಹೊಸಬರಿಗೆ ನಿಲ್ಲುವುದು ಹಗುರ.

ಸ್ವಂತಕ್ಕೆ ಕೊಳ್ಳುವವರು ಬೈಂಡಿಂಗ್ ಕೂರಿಸಲು ಬೋರ್ಡಿನಲ್ಲಿರುವ ಸ್ಕ್ರೂ ತೂತುಗಳನ್ನೂ ನೋಡಲಿ. ಬರ್ಟನ್ ಕಂಪನಿಯ ಚಾನೆಲ್ ಬೋರ್ಡುಗಳಲ್ಲಿ ತೂತುಗಳ ಬದಲು ಉದ್ದನೆಯ ಸೀಳು ಇರುತ್ತದೆ. ಕೆಲವು ಬೈಂಡಿಂಗುಗಳನ್ನು ಬೋರ್ಡಿಗೆ ಬಿಗಿಯುವ ತಟ್ಟೆ ಅದಕ್ಕೆ ಕೂರುವುದಿಲ್ಲ.

ಬಾಡಿಗೆ ಅಂಗಡಿಯಲ್ಲಿ ಗಡಿಬಿಡಿಯಿಂದ ಸಣ್ಣ ಪಾದದ ಹುಡುಗಿಯರಿಗೂ ದೊಡ್ಡ ಬೈಂಡಿಂಗ್ ಕೊಟ್ಟದ್ದನ್ನು ಕಣ್ಣಾರೆ ಕಂಡು ಸಂಕಟವಾಯಿತು. ನಮ್ಮೂರಿನಿಂದ ಮಕ್ಕಳನ್ನು ಕರೆದೊಯ್ಯುವ ಪ್ರವಾಸ ಸಂಘಟಕರು ಹೊರಡುವ ಮೊದಲೇ ಪ್ರತಿಯೊಬ್ಬರ ಬೂಟಿನ ಅಳತೆ ಬರೆದುಕೊಂಡು ಅಲ್ಲಿನ ಅಂಗಡಿಗೆ ತಿಳಿಸಲಿ, ಇಳಿಜಾರಿಗೆ ಹೋಗುವ ಮುನ್ನ ಸ್ಕ್ರೂಗಳನ್ನು ಒಮ್ಮೆ ಬಿಗಿ ಮಾಡಿಸಲಿ.

– ಪಾದರಕ್ಷೆ ವ್ಯಾಪಾರಿ, ಖಡೇಬಜಾರ್, ಬೆಳಗಾವಿ