ಯುದ್ಧದ ತುಟ್ಟಿ ಸಣ್ಣ ಶೆಡ್ಡುಗಳ ಪಾಲಿಗೇ ಏಕೆ?

ಮಾನ್ಯ ಸಂಪಾದಕರೇ,

ಹೊರದೇಶಗಳಲ್ಲಿ ದೊಡ್ಡ ಯುದ್ಧ ನಡೆದಾಗ ಅದರ ಖರ್ಚಿನ ಒಂದು ಪಾಲು ಬೆಂಗಳೂರಿನಂಥ ಕೈಗಾರಿಕಾ ನಗರದ ಮೇಲೂ ಬೀಳುತ್ತದೆ. ನಗರದೊಳಗೆ ಅದು ಎಲ್ಲರಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ. ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದಲ್ಲಿ ಲೋಹ ಕಡೆಯುವ ಲೇತ್ ಮತ್ತು ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರಗಳ ಸಣ್ಣ ಘಟಕವೊಂದನ್ನು, ನಮ್ಮ ಮಾತಿನಲ್ಲಿ ಶೆಡ್ಡೊಂದನ್ನು, ನಡೆಸುವವನಾಗಿ, ದೊಡ್ಡ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ನನ್ನಂಥವರ ಮೇಲೆ ಈ ಹೊರೆ ಹೇಗೆ ಬರುತ್ತದೆ ಎಂಬುದನ್ನು ತಮ್ಮ ಓದುಗರ ಗಮನಕ್ಕೆ ತರಬಯಸುತ್ತೇನೆ. ಯುದ್ಧಕಾಲದ ಬೆಲೆಯೇರಿಕೆಯಿಂದ ಸಂಬಳದಾರರನ್ನು ಕಾಪಾಡಲು ತುಟ್ಟಿಭತ್ಯೆ ಎಂಬ ವ್ಯವಸ್ಥೆ ಬಂದು ಮುಕ್ಕಾಲು ಶತಮಾನ ದಾಟಿದೆ. ಸಣ್ಣ ಘಟಕಗಳ ದರಕ್ಕೆ ಅಂಥ ರಕ್ಷಣೆ ಇಂದಿಗೂ ಇಲ್ಲ ಎಂಬುದೇ ನನ್ನ ತಕರಾರು.

ದೂರದ ಯುದ್ಧಗಳಿಗೂ ಬೆಂಗಳೂರಿಗೂ ಇರುವ ನಂಟು ಹಳೆಯದು. ಮೊದಲ ಮಹಾಯುದ್ಧಕ್ಕೆ ಮುಂಚೆ ಮೈಸೂರು ಸೀಮೆಯ ಗಂಧದ ಕೊರಡುಗಳು ಯುರೋಪಿಗೆ, ಅದರಲ್ಲೂ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದವು. 1914ರಲ್ಲಿ ಆ ದಾರಿ ಮುಚ್ಚಿಹೋಗಿ ಮರ ಇಲ್ಲಿಯೇ ಉಳಿದಾಗ ಅಂದಿನ ಸಂಸ್ಥಾನ 1916ರಲ್ಲಿ ಬೆಂಗಳೂರಿನಲ್ಲೇ ಗಂಧದೆಣ್ಣೆ ತೆಗೆಯಲು ಆರಂಭಿಸಿತು. ಇಂದಿಗೂ ಮನೆಮನೆಯಲ್ಲಿರುವ ಗಂಧದ ಸಾಬೂನು ಆ ಸಂಕಟದಿಂದಲೇ ಹುಟ್ಟಿದ್ದು. ಎರಡನೇ ಮಹಾಯುದ್ಧ ಇನ್ನೂ ಆಳವಾದ ಗುರುತು ಬಿಟ್ಟಿತು. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ನೆರವಿನಿಂದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು, ಅಂದರೆ ಇಂದಿನ ಎಚ್‌ಎಎಲ್ ಅನ್ನು, ಇಲ್ಲಿ ಸ್ಥಾಪಿಸಿದರು. ಜಪಾನ್ ಯುದ್ಧಕ್ಕಿಳಿದ ಮೇಲೆ ಭಾರತ ಸರ್ಕಾರ ಅದನ್ನು ತನ್ನ ಹತೋಟಿಗೆ ತೆಗೆದುಕೊಂಡಿತು, 1943ರಲ್ಲಿ ಅಮೆರಿಕದ ಸೇನಾ ವಾಯುಪಡೆ ಅಲ್ಲಿ ತನ್ನ ವಿಮಾನಗಳ ದುರಸ್ತಿ ನಡೆಸತೊಡಗಿತು. ನೀರಿನ ಮೇಲೆ ಇಳಿಯುವ ಕ್ಯಾಟಲಿನಾ ವಿಮಾನಗಳು ದುರಸ್ತಿಗೆಂದು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು ಎಂದರೆ, ಆ ಕೆರೆಯ ನೊರೆಯನ್ನಷ್ಟೇ ಕಂಡ ಇಂದಿನವರು ನಂಬಲಿಕ್ಕಿಲ್ಲ. ಹೊರಗಿನಿಂದ ಯಂತ್ರಗಳು ಬರುವುದು ಕಷ್ಟವಾಗಿದ್ದ ಆ ದಿನಗಳಲ್ಲೇ, 1941ರಲ್ಲಿ, ಹರಿಹರದಲ್ಲಿ ಲೇತ್ ತಯಾರಿಸುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಯಿತು. ನಮ್ಮ ಶೆಡ್ಡುಗಳಲ್ಲಿ ಹಳೆಯ ಕಿರ್ಲೋಸ್ಕರ್ ಲೇತ್ ಈಗಲೂ ಅಲ್ಲಲ್ಲಿ ತಿರುಗುತ್ತಿದೆ. ಯುದ್ಧದ ಕಾಲದಲ್ಲಿ ಇಲ್ಲಿ ಕೈ ಪಳಗಿಸಿಕೊಂಡ ಟರ್ನರುಗಳು ಮತ್ತು ಫಿಟ್ಟರುಗಳು ಇರದಿದ್ದರೆ ಆಮೇಲೆ ಬಂದ ಸರ್ಕಾರಿ ಕಾರ್ಖಾನೆಗಳಾದ ಐಟಿಐ, ಎಚ್‌ಎಂಟಿ, ಬಿಇಎಲ್‌ಗಳಿಗೆ ಅಷ್ಟು ಬೇಗ ಕೆಲಸಗಾರರು ಸಿಗುತ್ತಿರಲಿಲ್ಲ ಎಂದೇ ನನ್ನ ಎಣಿಕೆ.

ಕಾರ್ಖಾನೆಗಳಿಗೆ ಕೆಲಸ ತಂದ ಅದೇ ಯುದ್ಧ ಅವುಗಳ ಕೆಲಸಗಾರರ ಅಡುಗೆಮನೆಗೆ ಬೇರೆಯೇ ಲೆಕ್ಕ ತಂದಿತು. 1942ರ ಮಾರ್ಚಿನಲ್ಲಿ ರಂಗೂನ್ ಜಪಾನಿಯರ ಕೈಸೇರಿದ ಮೇಲೆ ಬರ್ಮಾದ ಅಕ್ಕಿ ನಿಂತಿತು, ಬಳಿಕ ಅಕ್ಕಿ, ಸಕ್ಕರೆ, ಸೀಮೆಎಣ್ಣೆಗಳೆಲ್ಲ ಅಳತೆಯ ಮೇಲೆ ಸಿಗುವ ಪದಾರ್ಥಗಳಾದವು. ತಾಮ್ರ ಉಳಿಸಲೆಂದು 1943ರಿಂದ ಸರ್ಕಾರ ನಡುವೆ ದೊಡ್ಡ ತೂತಿದ್ದ ಕಾಸನ್ನು ಟಂಕಿಸಿತು. ಅದನ್ನು ದಾರಕ್ಕೆ ಪೋಣಿಸಿ ಮಕ್ಕಳ ಸೊಂಟಕ್ಕೆ ಕಟ್ಟುತ್ತಿದ್ದುದನ್ನು ಹಿರಿಯರಿಂದ ಕೇಳಿದ್ದೇನೆ. ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನ ಅನಿಲದಿಂದ ಓಡಿದವು. ಬಸ್ಸಿನ ಹಿಂದೆ ಕಟ್ಟಿದ ಕಬ್ಬಿಣದ ಡ್ರಮ್ಮಿಗೆ ಇದ್ದಿಲು ತುಂಬಿ, ಕ್ಲೀನರ್ ಹುಡುಗ ಹಿಡಿಕೆ ತಿರುಗಿಸುತ್ತ ಗಾಳಿ ಊದಿ, ಬೆಂಕಿ ಚೆನ್ನಾಗಿ ಹತ್ತಿದ ಮೇಲಷ್ಟೇ ಗಾಡಿ ಹೊರಡುತ್ತಿತ್ತು. ಏರುದಾರಿಯಲ್ಲಿ ಪ್ರಯಾಣಿಕರು ಇಳಿದು ತಳ್ಳುವುದೂ ಇತ್ತು. ಕಾಳಸಂತೆಯಲ್ಲಿ ದುಡ್ಡು ಮಾಡಿದವರು ಮಾಡಿದರು, ಅದು ಬೇರೆ ಮಾತು.

ಆ ಕಾಲದಲ್ಲಿ ಸರ್ಕಾರಕ್ಕೂ ಗಿರಣಿ ಮಾಲೀಕರಿಗೂ ಒಂದು ವಿಷಯ ಒಪ್ಪಿಕೊಳ್ಳದೆ ಗತಿ ಇರಲಿಲ್ಲ. ಬೆಲೆ ಏರಿದ್ದು ಕೆಲಸಗಾರನ ತಪ್ಪಿನಿಂದಲ್ಲ. ಹಿಂದಿನ ಬೆಲೆಗಳನ್ನು ನೋಡಿ ಗೊತ್ತುಮಾಡಿದ ಸಂಬಳದಲ್ಲಿ ಇಂದಿನ ಅಕ್ಕಿ ಕೊಳ್ಳು ಎಂದು ಅವನಿಗೆ ಹೇಳುವುದು ನ್ಯಾಯವಲ್ಲ. ಮೊದಲು ಆಹಾರದ ತುಟ್ಟಿಗೆಂದು ಕೊಟ್ಟ ಭತ್ಯೆ ಕ್ರಮೇಣ ಬೆಲೆ ಸೂಚ್ಯಂಕಕ್ಕೆ ಜೋಡಣೆಯಾಗಿ ತುಟ್ಟಿಭತ್ಯೆ ಎಂದು ನೆಲೆಯಾಯಿತು. ಇಂದಿಗೂ ಕರ್ನಾಟಕದಲ್ಲಿ ಕನಿಷ್ಠ ವೇತನದೊಂದಿಗೆ ಕೊಡಬೇಕಾದ ವ್ಯತ್ಯಾಸವಾಗುವ ತುಟ್ಟಿಭತ್ಯೆ, ಅಂದರೆ ವಿಡಿಎ, ಗ್ರಾಹಕ ಬೆಲೆ ಸೂಚ್ಯಂಕವನ್ನು ಅನುಸರಿಸಿ ಪ್ರತಿ ಏಪ್ರಿಲ್ 1ರಿಂದ ಪರಿಷ್ಕರಣೆಯಾಗುತ್ತದೆ. ಅದನ್ನು ಕೊಡುವ ಮಾಲೀಕನಾಗಿ ಅದು ನನಗೆ ಭಾರ ಎಂದು ಬರೆಯಲು ಕುಳಿತಿಲ್ಲ. ಅದು ತಡವಾಗಿ ಬರುತ್ತದೆ ಎಂಬುದೇ ಕೆಲಸಗಾರರ ದೂರು, ಆ ದೂರು ಸರಿಯಾದದ್ದೇ. ಯುಕ್ರೇನ್ ಯುದ್ಧ ಶುರುವಾದ 2022ರ ಮೊದಲ ತಿಂಗಳುಗಳಲ್ಲಿ, ಭಾರತಕ್ಕೆ ಬರುವ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಆ ದೇಶದ್ದೇ ಆಗಿದ್ದರಿಂದ, ಎಣ್ಣೆಯ ಪ್ಯಾಕೆಟ್ ಬೆಲೆ ವಾರವಾರಕ್ಕೂ ಬದಲಾಯಿತು. ಹೋಟೆಲುಗಳ 19 ಕಿಲೋ ಸಿಲಿಂಡರ್ ಎರಡು ಸಾವಿರ ರೂಪಾಯಿ ದಾಟಿ, ನಮ್ಮ ರಸ್ತೆಯ ಕ್ಯಾಂಟೀನಿನವನು ಚಿತ್ರಾನ್ನದ ಬೆಲೆ ಏರಿಸಿದ. ಹೆಲ್ಪರ್ ಆಗಿ ಬಂದ ಹುಡುಗನಿಗೆ ಏಪ್ರಿಲ್ ಕಾಯುವಷ್ಟು ತಾಳ್ಮೆ ಎಲ್ಲಿಂದ ಬರಬೇಕು?

ಆದರೂ ಅವನಿಗೆ ತಡವಾಗಿಯಾದರೂ ಒಂದು ಸೂಚ್ಯಂಕವಿದೆ. ಅವನಿಗೆ ಸಂಬಳ ಕೊಡಬೇಕಾದ ಶೆಡ್ಡಿಗೆ ಅದೂ ಇಲ್ಲ. ಲೋಹ ನಾವೇ ತಂದು ಬಿಡಿಭಾಗ ಮಾಡಿಕೊಡುವ ಕೆಲಸಕ್ಕೆ ಪೀಣ್ಯದಲ್ಲಿ ‘ವಿತ್ ಮೆಟೀರಿಯಲ್’ ಎನ್ನುತ್ತಾರೆ. ಅದರ ದರ ವರ್ಷದ ಆರಂಭದಲ್ಲಿ ನಿಗದಿಯಾದರೆ ಮುಗಿಯಿತು, ಪರ್ಚೇಸ್ ಆರ್ಡರಿನ ಕೆಳಗೆ ‘ದರ ಸ್ಥಿರ, ಯಾವ ಕಾರಣಕ್ಕೂ ಬದಲಾಗದು’ ಎಂಬ ಸಾಲು ಇದ್ದೇ ಇರುತ್ತದೆ. 2022ರ ಮಾರ್ಚ್ 8ರಂದು ಲಂಡನ್ ಲೋಹ ವಿನಿಮಯ ಕೇಂದ್ರದಲ್ಲಿ ನಿಕಲ್ ಬೆಲೆ ಟನ್ನಿಗೆ ಒಂದು ಲಕ್ಷ ಡಾಲರ್ ದಾಟಿ ವಹಿವಾಟನ್ನೇ ನಿಲ್ಲಿಸಬೇಕಾಯಿತು. ರಷ್ಯಾ ನಿಕಲ್ಲಿನ ದೊಡ್ಡ ಉತ್ಪಾದಕ ದೇಶ ಎಂಬುದರ ಜೊತೆಗೆ ಸಟ್ಟಾ ವ್ಯವಹಾರವೂ ಅದರಲ್ಲಿ ಸೇರಿತ್ತು ಎಂಬುದು ನಿಜ. ಕಾರಣ ಏನೇ ಇರಲಿ, ನಾವು ಬಳಸುವ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಶೇ 8ರಷ್ಟು ನಿಕಲ್ ಇರುತ್ತದೆ. ಬೆಳಿಗ್ಗೆ ಕೊಟ್ಟ ಕೊಟೇಶನ್ ಸಂಜೆಗೆ ನಡೆಯುವುದಿಲ್ಲ ಎಂದು ರಾಡ್ ವ್ಯಾಪಾರಿಗಳು ಫೋನಿನಲ್ಲೇ ಹೇಳಿಬಿಡುತ್ತಿದ್ದರು.

ಲೆಕ್ಕ ತೀರ ಸರಳ. ಬುಷ್ ಎಂದರೆ ಯಂತ್ರದೊಳಗೆ ಕೂರುವ ಲೋಹದ ಸಣ್ಣ ಕೊಳವೆ. ನೂರು ರೂಪಾಯಿ ದರದ ಅಂಥ ಒಂದು ಬುಷ್‌ನಲ್ಲಿ ಅರವತ್ತು ರೂಪಾಯಿ ಲೋಹದ್ದು, ಮೂವತ್ತು ರೂಪಾಯಿ ಕೂಲಿ, ಕರೆಂಟು, ಲೋಹ ಕತ್ತರಿಸುವ ಇನ್ಸರ್ಟ್ ಮತ್ತು ಅದನ್ನು ತಂಪಾಗಿಡುವ ಕೂಲಂಟ್ ಎಣ್ಣೆಯದು, ಉಳಿದ ಹತ್ತು ಲಾಭ ಎಂದಿಟ್ಟುಕೊಳ್ಳೋಣ. ಲೋಹದ ಬೆಲೆ ಶೇ 20 ಏರಿದರೆ ಹನ್ನೆರಡು ರೂಪಾಯಿ ಹೆಚ್ಚು ಬೀಳುತ್ತದೆ. ಲಾಭ ಪೂರ್ತಿ ಹೋಗಿ, ಪ್ರತಿ ಬುಷ್‌ಗೆ ಎರಡು ರೂಪಾಯಿ ಕೈಯಿಂದ ಹಾಕಿ ಕಳಿಸಬೇಕು. ಮಾಲು ಕಳಿಸದಿದ್ದರೆ ತಡವಾದದ್ದಕ್ಕೆ ದಂಡ, ಜೊತೆಗೆ ಮುಂದಿನ ವರ್ಷದ ಪಟ್ಟಿಯಿಂದ ಹೆಸರು ತೆಗೆಯುವ ಭಯ. ಹಾಗಾಗಿ ಮಾಲೀಕ ಮೊದಲು ಓವರ್‌ಟೈಮ್ ನಿಲ್ಲಿಸುತ್ತಾನೆ, ಆಮೇಲೆ ಎರಡನೇ ಪಾಳಿ, ಕೊನೆಗೆ ಹೆಲ್ಪರುಗಳನ್ನು ಮನೆಗೆ ಕಳಿಸುತ್ತಾನೆ. ನನ್ನದೇ ಒಬ್ಬ ದೊಡ್ಡ ಗ್ರಾಹಕ ಕಂಪನಿಗೆ ಆ ದಿನಗಳಲ್ಲಿ ರಾಡ್ ಬಿಲ್ಲುಗಳ ಪ್ರತಿ ಲಗತ್ತಿಸಿ ದರ ಪರಿಷ್ಕರಣೆಗೆ ಪತ್ರ ಬರೆದಾಗ ಬಂದ ಉತ್ತರ ಒಂದೇ ಸಾಲಿನದು: ನೀತಿಯಲ್ಲಿ ಅವಕಾಶವಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಉಕ್ಕಿನ ರಫ್ತಿನ ಮೇಲೆ ಸುಂಕ ಹಾಕಿ ಇಲ್ಲಿ ಬೆಲೆ ಇಳಿಯತೊಡಗಿದಾಗ ಮಾತ್ರ ‘ದರ ಇಳಿಸಿ ಹೊಸ ಕೊಟೇಶನ್ ಕಳಿಸಿ’ ಎಂಬ ಇಮೇಲ್ ಬರಲು ಹೆಚ್ಚು ದಿನ ಬೇಕಾಗಲಿಲ್ಲ. ನೀತಿಯಲ್ಲಿ ಅದಕ್ಕೆ ಅವಕಾಶ ಇತ್ತೆಂದು ಕಾಣುತ್ತದೆ.

ಕಚ್ಚಾವಸ್ತುವಿನ ಬೆಲೆ ಏರಿಳಿದಂತೆ ಒಪ್ಪಂದದ ದರವನ್ನೂ ಬದಲಿಸುವ ಬೆಲೆ ವ್ಯತ್ಯಾಸದ ಷರತ್ತು ಎಂಬುದು ಯಾರಿಗೂ ಗೊತ್ತಿಲ್ಲದ ವಿಷಯವೇನಲ್ಲ. ಟ್ರಾನ್ಸ್‌ಫಾರ್ಮರ್ ಮತ್ತು ಕೇಬಲ್ ಉದ್ಯಮದಲ್ಲಿ ತಾಮ್ರ, ಅಲ್ಯೂಮಿನಿಯಂ ಬೆಲೆಗೆ ಜೋಡಿಸಿದ ಸೂತ್ರಗಳು ದಶಕಗಳಿಂದ ಬಳಕೆಯಲ್ಲಿವೆ, ರೈಲ್ವೆಯ ದೊಡ್ಡ ಗುತ್ತಿಗೆಗಳಲ್ಲೂ ಇವೆ. ಆದರೆ ಸರ್ಕಾರಿ ಖರೀದಿಗೆ ಅನ್ವಯಿಸುವ ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಈ ಷರತ್ತಿಗೆ ಅವಕಾಶ ಕೊಡುವುದು ಪೂರೈಕೆಯ ಅವಧಿ 18 ತಿಂಗಳು ಮೀರುವ ಗುತ್ತಿಗೆಗಳಿಗೆ ಮಾತ್ರ. ಅದಕ್ಕಿಂತ ಕಡಿಮೆ ಅವಧಿಯದಾದರೆ ಸ್ಥಿರ ದರವೇ ಇರಬೇಕು. ಶಾಂತಿಕಾಲದಲ್ಲಿ ಇದು ತಕ್ಕ ನಿಯಮವಿರಬಹುದು. ಪೀಣ್ಯದ ಘಟಕಗಳಿಗೆ ಸಿಗುವ ಆರ್ಡರುಗಳೆಲ್ಲ ಸಾಮಾನ್ಯವಾಗಿ ಆರು ತಿಂಗಳು, ಒಂದು ವರ್ಷದವು. ಅಂದರೆ ಸೇತುವೆ ಕಟ್ಟುವ ದೊಡ್ಡ ಗುತ್ತಿಗೆದಾರನಿಗೆ ರಕ್ಷಣೆ ಇದೆ, ಆ ಸೇತುವೆಗೆ ಬೋಲ್ಟು ಮಾಡಿಕೊಡುವವನಿಗೆ ಇಲ್ಲ. ಖಾಸಗಿ ಕಂಪನಿಗಳ ಖರೀದಿ ವಿಭಾಗಗಳೂ ಇದೇ ಮಾದರಿಯನ್ನು ಸಂತೋಷದಿಂದ ಪಾಲಿಸುತ್ತವೆ.

ಇಂಥ ಷರತ್ತು ಬಂದರೆ ಸಣ್ಣ ಘಟಕಗಳು ಬೆಲೆಯೇರಿಕೆಯ ನೆಪದಲ್ಲಿ ದರ ಉಬ್ಬಿಸುತ್ತವೆ ಎಂಬ ಆಕ್ಷೇಪ ಇದೆ. ಕೆಲವರು ಹಾಗೆ ಮಾಡಿಯಾರು, ಇಲ್ಲವೆನ್ನುವುದಿಲ್ಲ. ಯುದ್ಧದ ಸುದ್ದಿ ಬಂದೊಡನೆ ರಾಡನ್ನು ಗೋದಾಮಿನಲ್ಲಿ ಅಡಗಿಸಿಟ್ಟವರನ್ನೂ ನಾನು ಕಂಡಿದ್ದೇನೆ. ಅದಕ್ಕೇ ಸೂತ್ರ ಬೇಕೆನ್ನುವುದು. ಸೂತ್ರ ಎರಡೂ ಕಡೆ ಕೆಲಸ ಮಾಡುತ್ತದೆ: ಲೋಹ ಇಳಿದಾಗ ನಮ್ಮ ದರವೂ ತಾನಾಗಿ ಇಳಿಯಬೇಕು, ಮತ್ತು ಏರಿಳಿತ ಲೋಹದ ಪಾಲಿಗೆ ಮಾತ್ರ ಅನ್ವಯಿಸಬೇಕೇ ಹೊರತು ನಮ್ಮ ಲಾಭಕ್ಕಲ್ಲ.

ಹಣ ತಡವಾಗಿ ಬರುವುದು ಇದಕ್ಕೆ ಸೇರಿಕೊಂಡ ಇನ್ನೊಂದು ತೊಂದರೆ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾಗಿ ಯುರೋಪಿಗೆ ಹೋಗುವ ಸರಕು ಆಫ್ರಿಕಾದ ತುದಿಯನ್ನು ಸುತ್ತಿ ಹೋಗುವಂತಾದಾಗ, ರಫ್ತು ಮಾಡುವ ಕಂಪನಿಗಳಿಗೆ ಹಣ ಬರುವುದು ತಡವಾಯಿತು. ಅವು ಆ ತಡವನ್ನು ತಮ್ಮ ವೆಂಡರುಗಳಿಗೆ, ಅಂದರೆ ಬಿಡಿಭಾಗ ಪೂರೈಸುವ ನಮ್ಮಂಥವರಿಗೆ, ದಾಟಿಸಿದವು. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಅತಿ ಸಣ್ಣ ಮತ್ತು ಸಣ್ಣ ಘಟಕಗಳಿಗೆ ಹೆಚ್ಚೆಂದರೆ 45 ದಿನಗಳೊಳಗೆ ಹಣ ಕೊಡಬೇಕು, ಮೀರಿದರೆ ರಿಸರ್ವ್ ಬ್ಯಾಂಕ್ ನಿಗದಿಪಡಿಸಿದ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ಆ ಬಡ್ಡಿ ಕೇಳಿದ ವೆಂಡರ್ ಮರುವರ್ಷ ವೆಂಡರ್ ಆಗಿ ಉಳಿಯುವುದಿಲ್ಲ ಎಂಬುದು ಎಲ್ಲರಿಗೂ ತಿಳಿದ ಗುಟ್ಟು. 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ಆದಾಯ ತೆರಿಗೆಯ ತಿದ್ದುಪಡಿ, ಅವಧಿ ಮೀರಿ ಬಾಕಿ ಉಳಿಸಿದ ಮೊತ್ತವನ್ನು ಪಾವತಿ ಮಾಡುವ ತನಕ ತೆರಿಗೆ ಲೆಕ್ಕದಲ್ಲಿ ಖರ್ಚೆಂದು ತೋರಿಸಲು ಕೊಳ್ಳುವ ಕಂಪನಿಯನ್ನು ಬಿಡುವುದಿಲ್ಲ. ನಾವು ಬಾಯಿ ಬಿಡದೆಯೇ ಕೆಲಸ ಮಾಡುವ ಕಾನೂನು ಇದು ಎಂಬ ಕಾರಣಕ್ಕೆ ನನಗೆ ಇದು ಹಿಡಿಸಿದೆ. ಬೆಲೆ ವ್ಯತ್ಯಾಸದ ಷರತ್ತೂ ಹೀಗೆಯೇ, ನಾವು ಬೇಡಿಕೊಳ್ಳದೆ ಒಪ್ಪಂದದಲ್ಲೇ ಅಚ್ಚಾಗಿರಬೇಕು.

ಆದ್ದರಿಂದ ರಾಜ್ಯದ ಕೈಗಾರಿಕಾ ಇಲಾಖೆಯು ‘ವಿತ್ ಮೆಟೀರಿಯಲ್’ ಆರ್ಡರುಗಳಿಗೆ ಒಂದು ಮಾದರಿ ಷರತ್ತನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ರೂಪಿಸಿ, ಮೊದಲು ರಾಜ್ಯದ ಸಾರ್ವಜನಿಕ ಉದ್ಯಮಗಳ ಖರೀದಿಯಲ್ಲೇ ಅದನ್ನು ಜಾರಿಗೆ ತರಬೇಕೆಂದು ಕೋರುತ್ತೇನೆ. ಆರ್ಡರ್ ಕೊಟ್ಟ ತಿಂಗಳ ಲೋಹದ ದರವನ್ನು ಆಧಾರವಾಗಿಟ್ಟು, ಏರಿಕೆ ಅಥವಾ ಇಳಿಕೆ ಶೇ 5 ಮೀರಿದಾಗ ಮಾತ್ರ ಮೂರು ತಿಂಗಳಿಗೊಮ್ಮೆ ಲೆಕ್ಕ ಹಾಕಿದರೆ ಸಾಕು. ಶೇ 5ರೊಳಗಿನದ್ದನ್ನು ನಾವು ತಾಳಿಕೊಳ್ಳುತ್ತೇವೆ. ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇರುವ ಕೇಂದ್ರ ಸರ್ಕಾರದ ಉದ್ಯಮಗಳ ಮಟ್ಟಿಗೆ 18 ತಿಂಗಳ ಮಿತಿಯನ್ನು ಸಣ್ಣ ಘಟಕಗಳಿಗಾದರೂ ಸಡಿಲಿಸುವಂತೆ ನಮ್ಮ ಸಂಸದರು ಹಣಕಾಸು ಸಚಿವಾಲಯವನ್ನು ಒತ್ತಾಯಿಸಬೇಕು.

ತಮ್ಮಲ್ಲೂ ಒಂದು ವಿನಂತಿ ಇದೆ. ರಷ್ಯಾದಿಂದ ಬರುತ್ತಿದ್ದ ಕಾಗದದ ವಿಷಯದಲ್ಲಿ 2022ರಲ್ಲಿ ಪತ್ರಿಕೆಗಳಿಗೂ ಇದೇ ಬಿಸಿ ತಟ್ಟಿತ್ತಾದ್ದರಿಂದ ನಮ್ಮ ಸಂಕಟ ತಮಗೆ ಹೊಸದಾಗಿರಲಾರದು. ಅಡಿಕೆ, ಕೊಬ್ಬರಿ, ಬೆಳ್ಳಿಯ ಧಾರಣೆಗೆ ಜಾಗ ಕೊಡುವ ವಾಣಿಜ್ಯ ಪುಟದಲ್ಲಿ ವಾರಕ್ಕೊಮ್ಮೆಯಾದರೂ ಉಕ್ಕು, ಹಿತ್ತಾಳೆ, ಅಲ್ಯೂಮಿನಿಯಂ ಮತ್ತು ಸ್ಟೇನ್‌ಲೆಸ್ ರಾಡುಗಳ ಬೆಂಗಳೂರು ದರವನ್ನೂ ಪ್ರಕಟಿಸಿದರೆ, ಖರೀದಿ ಅಧಿಕಾರಿಯ ಮೇಜಿನ ಮೇಲೆ ಇಡಲು ನಮ್ಮ ಕೈಯಲ್ಲೊಂದು ಮುದ್ರಿತ ದಾಖಲೆ ಇರುತ್ತದೆ.

ತಮ್ಮ ವಿಶ್ವಾಸಿ,
ಸಣ್ಣ ಕೈಗಾರಿಕೆಯ ಒಬ್ಬ ಮಾಲೀಕ
ಪೀಣ್ಯ ಎರಡನೇ ಹಂತ, ಬೆಂಗಳೂರು